ಮಡಿಕೆಯೊಳಗಿನ ಕೆಂಪು ದಾರ

ಮೇ 3, ಬೆಳಿಗ್ಗೆ

ಶಟರ್ ಎತ್ತಿದೆ. ಕಸ ಹೊಡೆದೆ. ಮೆಷಿನ್ನಿಗೆ ಎಣ್ಣೆ ಬಿಟ್ಟೆ. ಬಾಬಿನ್ ಸುತ್ತಿ ಮುಗಿಸಿ ಇದನ್ನು ಬರೆಯುತ್ತಿದ್ದೇನೆ — ಡಾಕ್ಟರಮ್ಮನ ಅಪ್ಪಣೆ. ಬಿ.ಪಿ. ಏರಿದೆ, ನಿದ್ದೆ ಇಲ್ಲ ಎಂದದ್ದಕ್ಕೆ ಮಾತ್ರೆಯ ಜೊತೆ ಈ ಡೈರಿಯನ್ನೂ ಕೊಟ್ಟರು. ಯಾವುದೋ ಔಷಧಿ ಕಂಪನಿಯದು. ಪುಟ ಪುಟದ ಕೆಳಗೂ ಹೊಟ್ಟೆಯುರಿಯ ಗುಳಿಗೆಯ ಜಾಹೀರಾತು.

"ದಿನಕ್ಕೊಂದು ಒಳ್ಳೇದು ಬರೀರಿ. ಎಷ್ಟೇ ಸಣ್ಣದಾಗ್ಲಿ. ಮನಸ್ಸು ಹಗುರ ಆಗತ್ತೆ."

ಚಳಿಗಾಲದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸಿಗೆ ಹೇಳುವ ಮಾತೇ ಇದು? ತಲೆಯಾಡಿಸಿ ಬಂದೆ.

ಇಂದಿನ ಒಳ್ಳೆಯದು: ಬಾಬಿನ್ ಸುತ್ತುವಾಗ ದಾರ ತುಂಡಾಗಲಿಲ್ಲ. ಸಾಕೇ ಡಾಕ್ಟರಮ್ಮ?

ಮೇ 6, ಊಟದ ಹೊತ್ತು

ಶಾಲೆಯಿಂದ ಯೂನಿಫಾರಂ ಬಟ್ಟೆ ಬಂದಿಳಿಯಿತು. ನೀಲಿ ಥಾನುಗಳು, ಕಿಟಕಿ ಮುಚ್ಚುವಷ್ಟು. ಶಾಲೆ ತೆರೆಯುವ ಮೊದಲು ಎಲ್ಲವೂ ಅಂಗಿ, ಸ್ಕರ್ಟ್ ಆಗಬೇಕು. ಆಫೀಸಿನವರು ಬಾಗಿಲಲ್ಲೇ ನಿಂತು ಹೇಳಿದರು — "ಯಜಮಾನ್ರು ಇದ್ದಾಗಿನ ಮಾತು ಬೇರೆ ಇತ್ತಮ್ಮ. ಈ ಸಲ ಹೇಳಿದ ದಿನಕ್ಕೆ ಕೊಡದಿದ್ರೆ ಮುಂದಿನ ವರ್ಷದಿಂದ ರೆಡಿಮೇಡೇ ಗತಿ."

ಆಯಿತು ಎಂದೆ. ಬೇರೇನು ಹೇಳಲಿ. ಅಂಗಡಿ ವರ್ಷವಿಡೀ ಉಸಿರಾಡುವುದೇ ಈ ಒಂದು ಸೀಸನ್ನಿನಿಂದ.

ನಮ್ಮನೆಯವರು, ಇವರು, ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ, ಅತ್ತೆಯದು ಕಾಜ, ಗುಂಡಿ. ಮದುವೆಯಾದಾಗಿನಿಂದ ಇದೇ ಕ್ರಮ. ನಾನು ಬಟ್ಟೆಗೆ ಕತ್ತರಿ ಇಟ್ಟವಳೇ ಅಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಬಹುದು. ಕತ್ತರಿಸಿದ್ದು ಮತ್ತೆ ಕೂಡುವುದಿಲ್ಲ. ಆ ಭಯ. ಈಗ ಕತ್ತರಿಸಲೆಂದೇ ಒಬ್ಬ ಕಟಿಂಗ್ ಮಾಸ್ತರನನ್ನು ಇಟ್ಟುಕೊಂಡಿದ್ದೇನೆ.

ಅತ್ತೆ ಮಾತು ಬಿಟ್ಟಿದ್ದಾರೆ. ನನ್ನ ಮೇಲೆ ಸಿಟ್ಟೇನಿಲ್ಲ. ಮಗ ಹೋದ ಮೇಲೆ "ಹೂಂ", "ಉಹೂಂ" ಅಷ್ಟೇ. ಒಂದು ಕಾಲದಲ್ಲಿ ಇದೇ ಬಾಯಿಗೆ ಹೆದರಿ ಗಿರಾಕಿಗಳು ಹೇಳಿದ ದಿನವೇ ಬಂದು ಬಟ್ಟೆ ಒಯ್ಯುತ್ತಿದ್ದರು.

ಇಂದಿನ ಒಳ್ಳೆಯದು: ಆಮೇಲೆ ಬರೆಯುತ್ತೇನೆ.

ಮೇ 7

ಬರೆಯಲಿಲ್ಲ.

ಮೈದುನ ಫೋನ್ ಮಾಡಿದ್ದ. "ಅತ್ತಿಗೆ, ಯಾಕೆ ಸುಮ್ನೆ ಒದ್ದಾಡ್ತೀರಿ? ಅಂಗಡೀನ ಮೊಬೈಲ್ ರಿಪೇರಿಯವರಿಗೆ ಬಾಡಿಗೆಗೆ ಕೊಟ್ಬಿಡೋಣ. ಅಮ್ಮಾನೂ ನೀವೂ ಆರಾಮಾಗಿ ಕೂತ್ಕೊಳ್ಳಿ."

ಕೆಟ್ಟವನಲ್ಲ. ಕಾಳಜಿಯಿಂದಲೇ ಹೇಳಿದ್ದು. ಆದರೆ ಆರಾಮಾಗಿ ಕೂತು ಏನು ನೋಡುವುದು? ಅತ್ತೆ ನನ್ನ ಮುಖ, ನಾನು ಅತ್ತೆಯ ಮುಖ?

"ಶಾಲೆ ತೆರೀಲಿ, ಆಮೇಲೆ ಹೇಳ್ತೀನಿ" ಎಂದೆ.

ಮೇ 12, ಸಂಜೆ

ಬೆನ್ನು ನನ್ನದಲ್ಲ ಅನ್ನಿಸುತ್ತಿದೆ. ಮೈ ಹಣ್ಣಾಗಿದೆ.

ಮಾಸ್ತರ್ ಮೀಸೆ ತಿರುವುತ್ತಾ ಬಂದ. "ನಿಮ್ಮೆಜಮಾನ್ರು ಕತ್ತರಿಸ್ತಿದ್ದ ಬಟ್ಟೇಲಿ ನಾನಾದ್ರೆ ಇನ್ನೂ ಎರಡು ಸ್ಕರ್ಟ್ ಎಬ್ಬಿಸ್ತೀನಿ ನೋಡಿ." ನಿಜವೇ. ಇವನು ಕೆಳಮಡಿಕೆಗೆ ಬೆರಳಗಲ ಬಟ್ಟೆ ಬಿಟ್ಟರೆ ಹೆಚ್ಚು. ಇವರು ಅಂಗೈಯಗಲ ಬಿಡುತ್ತಿದ್ದರು. "ಬೆಳೆಯೋ ಮಕ್ಕಳು ಕಣೇ." ಸಾಲದ್ದಕ್ಕೆ ಮಡಿಕೆಯೊಳಗೆ ಕೆಂಪು ದಾರದಲ್ಲಿ ಒಂದು ಕೈಹೊಲಿಗೆಯ ಗೆರೆ. ಮುಂದಿನ ವರ್ಷ ಎಲ್ಲಿಗೆ ಇಳಿಸಬೇಕೆಂಬ ಗುರುತು. ಊಟವಾದ ಮೇಲೆ ಮಲಗುವುದು ಬಿಟ್ಟು ಸೂಜಿ ಹಿಡಿದು ಕೂರುತ್ತಿದ್ದರು. ಬಟ್ಟೆಯೂ ದಂಡ, ನಿದ್ದೆಯೂ ದಂಡ ಎಂದು ಪ್ರತಿ ಸೀಸನ್ನಿನಲ್ಲೂ ನಾನು ಕಾಲು ಕೆರೆದು ಜಗಳವಾಡುತ್ತಿದ್ದೆ. ನಕ್ಕು ಸುಮ್ಮನಾಗುತ್ತಿದ್ದರು. ಆ ನಗುವಿಗೆ ಇನ್ನಷ್ಟು ರೇಗುತ್ತಿತ್ತು.

ಈಗ ಬಟ್ಟೆ ಉಳಿಯುತ್ತಿದೆ. ಜಗಳಕ್ಕೆ ಜನವಿಲ್ಲ.

ಇಂದಿನ ಒಳ್ಳೆಯದು: ಕರೆಂಟ್ ಹೋಗಲಿಲ್ಲ.

ಮೇ 19

ಮಾಸ್ತರ್ ಕೈ ಕೊಟ್ಟ. ಗಾರ್ಮೆಂಟ್ಸ್‌ನಲ್ಲಿ ಕೆಲಸ ಸಿಕ್ಕಿತಂತೆ. ತನ್ನ ಕತ್ತರಿಯನ್ನು ಪೇಪರಿನಲ್ಲಿ ಸುತ್ತಿಕೊಂಡು, "ಬೇಜಾರು ಮಾಡ್ಕೋಬೇಡಿ ಅಕ್ಕಾ" ಎಂದು ನಡೆದೇಬಿಟ್ಟ. ಸ್ಕರ್ಟುಗಳು ಅರ್ಧ ಆಗಿವೆ. ಅಂಗಿಯ ಥಾನುಗಳನ್ನು ಮುಟ್ಟಿಯೇ ಇಲ್ಲ.

ಸೀಸನ್ ನಡುವೆ ಯಾವ ಮಾಸ್ತರ್ ಸಿಗುತ್ತಾನೆ? ಗೊತ್ತಿದ್ದವರಿಗೆಲ್ಲ ಫೋನ್ ಮಾಡಿದೆ. ಎಲ್ಲರ ಕೈಯೂ ತುಂಬಿದೆ. ಕೊನೆಗೆ ಮೈದುನನ ನಂಬರ್ ತೆಗೆದೆ — ಆಯ್ತಪ್ಪ, ಬಾಡಿಗೆಗೆ ಕೊಟ್ಬಿಡು ಎನ್ನಲು. ರಿಂಗಾಗುವ ಮೊದಲೇ ಕಟ್ ಮಾಡಿದೆ. ಯಾಕೋ.

ಇಂದಿನ ಒಳ್ಳೆಯದು: ಇಲ್ಲ. ಏನೂ ಇಲ್ಲ. ಸುಳ್ಳು ಬರೆಯಬೇಕೆಂದು ಡಾಕ್ಟರಮ್ಮ ಹೇಳಿಲ್ಲ.

ಮೇ 20, ಮಧ್ಯಾಹ್ನ

ಇವರ ಕತ್ತರಿ ಹೊರತೆಗೆದೆ. ಎಡಗೈಯವರ ಕತ್ತರಿ, ಇವರು ಎಡಚರಲ್ಲವೇ. ನನ್ನ ಬಲಗೈಯಲ್ಲಿ ಅದು ಬಟ್ಟೆ ಕತ್ತರಿಸುವುದೇ ಇಲ್ಲ. ಅಲಗುಗಳ ನಡುವೆ ಬಟ್ಟೆ ಮಡಚಿಕೊಂಡು ಕೂರುತ್ತದೆ. ಎಡಗೈಗೆ ಬದಲಿಸಿದರೆ ಗೆರೆ ಸೊಟ್ಟಗಾಗುತ್ತದೆ.

ಅಂಗಡಿ ಬೀದಿಗೆ ಹೋಗಿ ಬಲಗೈ ಕತ್ತರಿಯೊಂದನ್ನು ತಂದೆ. ಇವರದನ್ನು ಮೇಜಿನ ಮೇಲೇ ಬಿಟ್ಟಿದ್ದೇನೆ, ಬಟ್ಟೆ ಜಾರದಂತೆ ಭಾರಕ್ಕೆ.

ನಾಳೆ ಅಂಗಿ. ದೇವರೇ.

ಮೇ 21, ಸಂಜೆ

ಕೆಟ್ಟೆ. ಪೂರ್ತಿ ಕೆಟ್ಟೆ.

ಬೆಳಿಗ್ಗೆ ಶುರುಮಾಡಿದೆ. ಬೆನ್ನು, ಎದೆಭಾಗ ಸರಿಯಾಗಿಯೇ ಬಂದವು. ಧೈರ್ಯ ಬಂತು. ಆಮೇಲೆ ತೋಳುಗಳು. ಈ ಬಟ್ಟೆಗೆ ಹೊರಮೈ ಹೊಳಪು, ಒಳಮೈ ಮಂಕು. ಅದಕ್ಕೆ ರಟ್ಟಿನ ಮಾದರಿಯನ್ನು ಒಂದು ಸಲ ನೇರ ಇಟ್ಟು, ಒಂದು ಸಲ ಮಗುಚಿ ಇಟ್ಟು ಕತ್ತರಿಸಬೇಕು. ಒಂದು ಎಡಗೈ, ಒಂದು ಬಲಗೈ. ಇಷ್ಟು ವರ್ಷ ಮೇಜಿನ ಆಚೆ ಬದಿ ನಿಂತು, ಎಡಚರೊಬ್ಬರನ್ನು ಎದುರಿನಿಂದ ನೋಡಿ ಕಲಿತ ವಿದ್ಯೆ ನನ್ನದು. ಎಲ್ಲವೂ ತಿರುವುಮುರುವು. ರಟ್ಟನ್ನೂ ಮಗುಚಿದೆ, ಬಟ್ಟೆಯನ್ನೂ ಮಗುಚಿದೆ. ಎರಡೂ ಮಗುಚಿದರೆ ಮೊದಲಿನದೇ ಬರುತ್ತದೆಂದು ಹೊಳೆಯಲೇ ಇಲ್ಲ. ದಿನವಿಡೀ ಕತ್ತರಿಸಿ ಜೋಡಿಸಲು ಕೂತರೆ — ಅಷ್ಟೂ ಎಡಗೈ. ಒಂದೇ ಒಂದು ಬಲಗೈ ಇಲ್ಲ.

ನೆಲದ ಮೇಲೆ ಕೂತುಬಿಟ್ಟೆ. ಅಳು ಕೂಡ ಬರಲಿಲ್ಲ.

ಅತ್ತೆ ಗುಂಡಿ ಡಬ್ಬಿ ಬದಿಗಿಟ್ಟು ಬಂದರು. ಒಂದು ತೋಳು ಎತ್ತಿ ನೋಡಿದರು. ಇನ್ನೊಂದು. ಮತ್ತೊಂದು.

"ಎಲ್ಲಾ ಎಡಗೈನೇನೇ?"

"ಹೂಂ ಅತ್ತೆ."

"ನನ್ನ ಮಗ ನೋಡಿದ್ರೆ ಎಷ್ಟು ಖುಷಿ ಪಡ್ತಿದ್ದ! ಅವನ ಜಾತಿ ಬೆಳೀತು ಅಂತ."

ಏನಾಯಿತೋ ಗೊತ್ತಿಲ್ಲ. ನನಗೆ ನಗು ಬಂತು. ಅವರಿಗೂ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ಒಂದು ತೋಳಿನಲ್ಲೇ ಕಣ್ಣೊರೆಸಿಕೊಂಡರು. ನಗುತ್ತಾ ನಗುತ್ತಾ ಅದು ಅಳುವಾಯಿತು. ಚಳಿಗಾಲದಿಂದ ಒಬ್ಬರೆದುರು ಒಬ್ಬರು ಅತ್ತಿರಲಿಲ್ಲ. ನಾನು ಹಿತ್ತಲಲ್ಲಿ, ಅವರು ಬಚ್ಚಲಲ್ಲಿ ಅಳುವುದೇ ಅಭ್ಯಾಸವಾಗಿತ್ತು.

ಮೂಗು ಒರೆಸಿಕೊಂಡು ಅತ್ತೆಯೇ ಹೇಳಿದರು — "ಅರ್ಧಕ್ಕರ್ಧ ಥಾನುಗಳು ಹಾಗೇ ಇವೆಯಲ್ಲೇ ದಡ್ಡಿ. ನಾಳೆ ಪೂರ್ತಿ ಬಲಗೈ ಕತ್ತರಿಸು, ಮುಗೀತು. ಮೇಜಿನ ಈ ಕಡೆ ಬಂದು ನಿಂತ್ಕೊ. ಅವನ ಜಾಗದಲ್ಲಿ."

ಇಂದಿನ ಒಳ್ಳೆಯದು: ಅತ್ತೆ ನನ್ನನ್ನು ದಡ್ಡಿ ಎಂದರು.

ಮೇ 27

ಬರೆಯಲು ಪುರುಸೊತ್ತಿಲ್ಲ. ಇವರ ಜಾಗದಲ್ಲಿ ನಿಂತೇ ಕತ್ತರಿಸುತ್ತಿದ್ದೇನೆ. ಅಲ್ಲಿ ನೆಲ ಸ್ವಲ್ಪ ಸವೆದಿದೆ, ಪಾದ ತಾನಾಗಿ ಕೂರುತ್ತದೆ. ಬಲಗೈಗಳು ಬಂದವು. ಜೋಡಿಯಾದವು. ಹೆಬ್ಬೆರಳಿನಲ್ಲಿ ಗುಳ್ಳೆ.

ಅತ್ತೆ ಕೂತಲ್ಲಿಂದಲೇ ಬೈಯುತ್ತಾರೆ. "ಕತ್ತರಿ ಹಿಡಿದಿದೀಯೋ, ಸೌಟೋ?" ಕಿವಿಗೆ ತಂಪು.

ಮೇ 29, ಮಧ್ಯಾಹ್ನ

ಹಳೆ ಯೂನಿಫಾರಂ ಇಳಿಸಿಕೊಳ್ಳುವವರು ಬರತೊಡಗಿದರು. ಪ್ರತಿ ವರ್ಷ ಶಾಲೆ ತೆರೆಯುವ ಹೊತ್ತಿಗೆ ಬರುವವರೇ. ಆ ಕೆಲಸ ಇವರೇ ನೋಡಿಕೊಳ್ಳುತ್ತಿದ್ದುದರಿಂದ ನಾನು ಮರೆತೇಬಿಟ್ಟಿದ್ದೆ. ಮೊದಲಿಗೆ ಪಕ್ಕದ ಬೀದಿಯ ನರ್ಸಮ್ಮ, ಮಗಳೊಂದಿಗೆ. ಹೋದ ವರ್ಷ ಹೊಲಿಸಿದ ಸ್ಕರ್ಟ್ ಮೊಣಕಾಲಿನ ಮೇಲೇರಿದೆ.

"ನಿಮ್ಮನೆಯವರು ಹೇಳಿದ್ರು, ಎಸೀಬೇಡಿ, ತನ್ನಿ, ಒಳಗೆ ಇಟ್ಟಿದೀನಿ ಅಂತ."

ಅತ್ತೆಯ ಕೈಗೆ ಕೊಟ್ಟೆ, ಈ ಸಲ ಬಿಚ್ಚುವ ಕೆಲಸ ಅವರದು. ಮೆಷಿನ್ ಹೊಲಿಗೆ ಬಿಚ್ಚಿದರು. ಮಡಿಕೆ ತೆರೆಯಿತು. ಒಳಗೆ ಬಟ್ಟೆ ಹೊಸದರಂತೆ, ಥಾನಿನಿಂದ ಈಗ ತೆಗೆದಂಥ ನೀಲಿ. ಅದರ ಮೇಲೆ ಕೆಂಪು ದಾರದ ಗೆರೆ. ಎಡಚರ ಕೈ, ಹೊಲಿಗೆಯ ಟಾಕಿಗಳೆಲ್ಲ ಆಚೆಗೆ ವಾಲಿವೆ.

ಅತ್ತೆ ಅದರ ಮೇಲೆ ಬೆರಳಾಡಿಸಿದರು. ಸ್ಕರ್ಟನ್ನು ನನ್ನ ಮಡಿಲಿಗೆ ಹಾಕಿದರು.

"ಇದನ್ನ ನಾನು ಬಿಚ್ಚಲ್ಲ."

ಅದೇ ಗೆರೆಗೆ ಮಡಿಸಬೇಕು. ಬಿಚ್ಚದಿದ್ದರೆ ಕೆಂಪು ಹೊರಗೆ ಕಾಣುತ್ತದೆ. ಮಗು ಎದುರಿಗೇ ನಿಂತಿದೆ. ಬಾಯಿಗೆ ಬಂದದ್ದು ಹೇಳಿದೆ —

"ಬಿಚ್ಚಲಿ ಅಂತಾನೇ ಹಾಕಿದ್ದು ಅತ್ತೆ."

ಅತ್ತೆ ಸ್ಕರ್ಟ್ ಎಳೆದುಕೊಂಡು, ಸೂಜಿಯ ಮೊನೆಯಿಂದ ಒಂದೊಂದೇ ಟಾಕಿ ಎತ್ತಿದರು. ದಾರವನ್ನು ಎಸೆಯಲಿಲ್ಲ, ಬೆರಳಿಗೆ ಸುತ್ತಿಕೊಂಡರು. ಪೂರ್ತಿ ಬಂದ ಮೇಲೆ, "ಲೇ, ಇಲ್ಲಿ ನೋಡು" ಎಂದರು.

ಅದರ ಕೆಳಗೆ, ಅಂಚಿನ ಒಳಮಡಿಕೆಯಲ್ಲಿ, ಇನ್ನೊಂದು ಗೆರೆ ಇತ್ತು.

ಒಂದೇ ಹಾಕುತ್ತಾರೆಂದುಕೊಂಡಿದ್ದೆ. ಎರಡು. ಮುಂದಿನ ವರ್ಷದ್ದು, ಅದರ ಮುಂದಿನ ವರ್ಷದ್ದು.

ಇವರಿಗೆ ಥ್ಯಾಂಕ್ಸ್ ಎಂದು ಒಂದು ದಿನವೂ ಹೇಳಿದವಳಲ್ಲ ನಾನು. ಗಂಡ ಹೆಂಡತಿಯ ನಡುವೆ ಯಾರು ಹೇಳುತ್ತಾರೆ? ಇವತ್ತು ಮೆಷಿನ್ ಮುಂದೆ ಕೂತು, ನರ್ಸಮ್ಮನ ಎದುರಿಗೇ, ಬಾಯಿಬಿಟ್ಟು ಹೇಳಿದೆ. ಆಕೆ ತನಗೇ ಹೇಳಿದ್ದೆಂದುಕೊಂಡು "ಅಯ್ಯೋ, ನನಗ್ಯಾಕೆ" ಎಂದರು.

ಜೂನ್ 1

ನಮ್ಮ ಮಾಸ್ತರ್ ಕತ್ತರಿಸಿದ್ದ ಸ್ಕರ್ಟುಗಳಿಗೆ ಮಾಡುವಂಥದ್ದೇನಿಲ್ಲ. ನಾನು ಕತ್ತರಿಸಿದವುಗಳಿಗೆ ಅಂಗೈಯಗಲ ಬಿಟ್ಟಿದ್ದೇನೆ. ಅತ್ತೆ ಕಾಜ ಮುಗಿಸಿ ಕೆಂಪು ದಾರ ಪೋಣಿಸಿಕೊಂಡು ಕೂರುತ್ತಾರೆ. ಸ್ಕರ್ಟಿಗೆ ಎರಡೆರಡು ಗೆರೆ. ಬಲಗೈ ಟಾಕಿ, ಈಚೆಗೆ ವಾಲುತ್ತದೆ. "ಊಟ ಆದ್ಮೇಲೆ ಮಲಕ್ಕೊಳ್ಳಿ ಅತ್ತೆ" ಎಂದೆ. ನಕ್ಕು ಸುಮ್ಮನಾದರು. ಅದೇ ನಗು! ನನಗೆ ಅದೇ ಥರ ರೇಗಿತು.

ಜೂನ್ 3

ಹೇಳಿದ ದಿನಕ್ಕೆ ಕೊಟ್ಟೆವು. ಆಫೀಸಿನವರು ಎಣಿಸಿಕೊಂಡು, ತೋಳು ಎಳೆದು ನೋಡಿ, "ಪರವಾಗಿಲ್ವೇ" ಎಂದರು. ಒಳಮಡಿಕೆ ನೋಡಿ "ಇಷ್ಟೊಂದು ಬಟ್ಟೆ ಯಾಕಮ್ಮ ದಂಡ?" ಎಂದೂ ಕೇಳಿದರು. ಬೆಳೆಯೋ ಮಕ್ಕಳು ಎಂದೆ.

ಮೈದುನನಿಗೆ ಫೋನ್ ಮಾಡಿದೆ. "ಅಂಗಡಿ ಕೊಡಲ್ಲಪ್ಪ." ಅವನು, "ಹಾಗಾದ್ರೆ ನನ್ನದೊಂದು ಪ್ಯಾಂಟಿದೆ ಅತ್ತಿಗೆ, ಸೊಂಟ ಬಿಗಿ" ಎಂದ.

ಡಾಕ್ಟರಮ್ಮನ ಬಳಿಯೂ ಹೋಗಿದ್ದೆ. ಬಿ.ಪಿ. ಇಳಿದಿದೆ. "ಏನ್ ಮಾಡಿದ್ರಿ?" ಎಂದರು. ಎಲ್ಲಾ ಎಡಗೈ ಕತ್ತರಿಸಿದೆ ಎಂದೆ. ಮಾತ್ರೆ ಮುಂದುವರಿಸಿ ಎಂದರು.

ಸುಸ್ತು ಹೋಗಿಲ್ಲ. ಇವರಿಲ್ಲದ್ದು ಹಾಗೇ ಇದೆ. ಟೀಗೆ ಎರಡೇ ಲೋಟ ಸಾಕಾದರೂ ಕೈ ಮೂರನೆಯದಕ್ಕೆ ಹೋಗುತ್ತದೆ. ಆದರೂ ನಿನ್ನೆ ನಿದ್ದೆ ಬಂತು.

ಜೂನ್ 5, ಬೆಳಿಗ್ಗೆ

ಶಾಲೆ ತೆರೆಯಿತು. ಶಟರ್ ಎತ್ತಿ ಮೆಟ್ಟಿಲ ಮೇಲೆ ಕೂತಿದ್ದೇನೆ. ಪಕ್ಕದಲ್ಲಿ ಅತ್ತೆ, ಟೀ ಲೋಟ ಹಿಡಿದು. ಬೀದಿ ತುಂಬ ನೀಲಿ. ಯಾವುದು ಇವರು ಕತ್ತರಿಸಿದ್ದು, ಯಾವುದು ನಾನು — ಹೊರಗಿನಿಂದ ನನಗೇ ಗೊತ್ತಾಗುತ್ತಿಲ್ಲ.

ನರ್ಸಮ್ಮನ ಮಗಳು ಓಡುತ್ತಾ ಹೋದಳು. ಸ್ಕರ್ಟ್ ಮೊಣಕಾಲಿನ ಕೆಳಗೆ, ಸರಿಯಾದ ಉದ್ದ. ಅತ್ತೆ ಕೂಗಿದರು, "ನಿಧಾನ ಕಣೇ, ಬೀಳ್ತೀಯ!" ಅವಳು ತಿರುಗಿ ಕೈಬೀಸಿದಳು.

ಇಂದಿನ ಒಳ್ಳೆಯದು: ಎರಡನೇ ಗೆರೆಯನ್ನು ನಾವು ಬಿಚ್ಚಿಲ್ಲ. ಅದು ಇನ್ನೂ ಮಡಿಕೆಯೊಳಗೇ ಇದೆ. ಮುಂದಿನ ವರ್ಷ ಆ ಮಗು ಬಂದೇ ಬರುತ್ತದೆ, ಆಗ ಬಿಚ್ಚುತ್ತೇವೆ.