ನೆಗಡಿ ರಿಜಿಸ್ಟರ್

ಮೇ 6, ಬೆಳಿಗ್ಗೆ 7

ಈ ಕಥೆ ಮೊದಲು ಹೇಳಿದ್ದು ನಮ್ಮ ಕ್ಯಾಂಪಿನ ಅಡುಗೆಯಣ್ಣ. ಇವತ್ತು, ಕಾಂಪೌಂಡರ್ ಆದ ನನ್ನ ಹತ್ತಿರ ಕೆಮ್ಮಿನ ಔಷಧಿಗೆ ಬಂದಾಗ. ಎಂಟು ವರ್ಷದ ಹಿಂದೆ ಅವನ ಅಣ್ಣನೂ ಇಲ್ಲೇ ಸಿಪಾಯಿ. ಇದೇ ಧೂಳು, ಕಸದ ಗುಂಡಿಯ ಇದೇ ಹೊಗೆ. ಈಗ ಮನೆಯಲ್ಲಿ ನಾಲ್ಕು ಮೆಟ್ಟಿಲು ಹತ್ತಿದರೆ ಕೂರಬೇಕು. ಡ್ಯೂಟಿಯಲ್ಲಿ ಬಂದ ಕಾಯಿಲೆ ಅನ್ನುವುದಕ್ಕೆ ಪಿಂಚಣಿ ಕಚೇರಿಯವರು ದಾಖಲೆ ಕೇಳಿದರಂತೆ. ಇಲ್ಲಿನ ರೋಗಿಗಳ ಹಳೆಯ ರಿಜಿಸ್ಟರ್ ತೆಗೆಸಿದರು. ಹನ್ನೊಂದು ಸಲ ಹೆಸರಿದೆ. ಹನ್ನೊಂದು ಸಲವೂ — ನೆಗಡಿ.

"ಯಾರಣ್ಣ ಬರೆದದ್ದು?"

"ನಿನ್ನ ಹಾಗೇ ಒಬ್ಬ ಪುಣ್ಯಾತ್ಮ." ನಕ್ಕ. ನಗು ಕೆಮ್ಮಾಯಿತು.

ಅವನ ಹೆಸರಿನ ಮುಂದೆ ನಾನು ಬರೆದದ್ದು? ನೆಗಡಿ. ಕೈಗೆ ಅದೇ ರೂಢಿ.

ಮೇ 7

ಇಲ್ಲಿ ನೆಗಡಿ ಅಂದರೆ ಮಾತ್ರೆ. ಉಸಿರಿನ ತೊಂದರೆ ಅಂದರೆ ಅನ್‌ಫಿಟ್, ಮನೆಗೆ ವಾಪಸ್. ಯಾರಿಗೂ ಬೇಡ. ಡಾಕ್ಟರ್ ಸಾಹೇಬರು ವಾರಕ್ಕೊಮ್ಮೆ ಬಂದು ಸಹಿ ಹಾಕುತ್ತಾರೆ. ಮಿಕ್ಕ ದಿನ ಪೆನ್ನು ನನ್ನದು. ಉಪಕಾರ ಅಂದುಕೊಂಡೇ ಬರೆದೆ. ಏಳು ತಿಂಗಳು.

ಜಟ್ಟಿ ಬಂದ. ಕಸದ ಗುಂಡಿಗೆ ಬೆಂಕಿ ಹಾಕುವವನು — ಪ್ಲಾಸ್ಟಿಕ್, ಟೈರು, ಹಳೆ ಬ್ಯಾಟರಿ, ಎಲ್ಲಾ. ಕುಸ್ತಿ ಆಡಿದ ಮೈ, ಬಾಗಿಲಗಲದ ಎದೆ. ಶೂ ಲೇಸ್ ಕಟ್ಟಲು ಬಗ್ಗಿದವನು ಎರಡು ಸಲ ಎದ್ದು ಉಸಿರೆಳೆದ. ಸ್ಟೆತಸ್ಕೋಪ್ ಇಟ್ಟರೆ ಒಳಗೆ ಸಿಳ್ಳೆ.

"ನೆಗಡಿ ಅಂತ ಬರಿ. ಹದಿನೈದಕ್ಕೆ ಪ್ರಮೋಷನ್ ಲಿಸ್ಟ್."

"ಇದು ನೆಗಡಿ ಅಲ್ಲ ಕಣೋ."

"ನನ್ನ ಮೂಗು, ನನ್ನ ನೆಗಡಿ. ನಿನಗೇನು ಕಷ್ಟ?"

ಬರೆದೆ.

ಮೇ 11

ಮೂರು ದಿನ ಧೂಳುಗಾಳಿ. ಎದುರಿನ ಡೇರೆ ಕಾಣಲಿಲ್ಲ. ಇವತ್ತು ಬೆಳಿಗ್ಗೆ ಜಟ್ಟಿ ಗುಂಡಿಯ ಪಕ್ಕದಲ್ಲೇ ಕುಸಿದ. ತುಟಿ ನೀಲಿ. ಆಕ್ಸಿಜನ್ ಹಾಕಿ ಕೂತೆ. ಸಿಲಿಂಡರಿನ ಮೀಟರಿನ ಮುಳ್ಳು ಇಳಿಯುತ್ತಲೇ ಇತ್ತು... ಗಾಳಿ ನಿಲ್ಲದೆ ಹೆಲಿಕಾಪ್ಟರ್ ಬರುವಂತಿಲ್ಲ. ಮುಳ್ಳು ಕೆಂಪಿಗೆ ಬಂದಾಗ ಗಾಳಿ ನಿಂತು ಹೆಲಿಕಾಪ್ಟರ್ ಬಂತು. ಹೋಗುವಾಗ ಜೀವ ಇತ್ತು.

ಫೋನಿನಲ್ಲಿ ಡಾಕ್ಟರ್ ಸಾಹೇಬರು: "ಮೊದಲಿಂದ ಉಸಿರಿನ ತೊಂದರೆ ಇತ್ತಾ?"

ರಿಜಿಸ್ಟರ್ ಎದುರಿಗೇ ಇತ್ತು. ಜಟ್ಟಿ, ಹದಿನಾಲ್ಕು ಸಲ.

"ಇತ್ತು ಸರ್. ನಾನೇ ಸುಳ್ಳು ಬರೆದೆ."

"ಹಳೆಯದು ತಿದ್ದಬೇಡ. ತಿದ್ದಿದ್ದನ್ನ ಯಾರೂ ನಂಬಲ್ಲ. ಇನ್ನುಮೇಲೆ ನಿಜ ಬರಿ."

ನಿಜ ಸಿಪಾಯಿಗಳ ಬಾಯಲ್ಲಿ ಬರಬೇಕಲ್ಲ.

ಮೇ 12, ಸಂಜೆ

ಊಟದ ಸಾಲಿನಲ್ಲಿ ಕಥೆ ಹೇಳಿದೆ. ಅಜ್ಜಿ ಹೇಳುವ ಹಾಗೆ, ಮೊದಲಿನಿಂದ, ಅವಸರವಿಲ್ಲದೆ. ಅಣ್ಣನ ಹನ್ನೊಂದು. ಜಟ್ಟಿಯ ಹದಿನಾಲ್ಕು. ಅಡುಗೆಯಣ್ಣನ ಸೌಟು ನಿಂತಿತು.

ಒಬ್ಬ ಮಾತ್ರ ಕೇಳಿದ: "ಲಿಸ್ಟ್ ಹದಿನೈದಕ್ಕೇ ತಾನೆ?"

ತಟ್ಟೆ ತೊಳೆದು ಹೋದರು.

ಮೇ 13, ಬೆಳಿಗ್ಗೆ 6.30

ಬಾಗಿಲು ತೆಗೆದರೆ ಸಾಲು. ಮುಂದೆ ಅಡುಗೆಯಣ್ಣ, ಕೈಯಲ್ಲಿ ಸೌಟು. "ಬರ್ಕೊ. ಉಸಿರು ಕಟ್ಟುತ್ತೆ. ಐದು ತಿಂಗಳಿಂದ." ಅವನ ಹಿಂದೆಯೇ ಲಿಸ್ಟ್ ಕೇಳಿದವನು.

ಹತ್ತೊಂಬತ್ತು ಜನ. ಎದೆ ಹೇಳಿದ್ದನ್ನೇ ಬರೆದೆ.

ಎಲ್ಲರೂ ಹೋದ ಮೇಲೆ ಸ್ಟೆತಸ್ಕೋಪ್ ನನ್ನ ಎದೆಗೇ ಇಟ್ಟುಕೊಂಡೆ. ಒಳಗೆ ಅದೇ ಸಿಳ್ಳೆ. ಇಪ್ಪತ್ತನೆಯ ಸಾಲಿನಲ್ಲಿ ನನ್ನ ಹೆಸರು. ಅದರ ಮುಂದೆ — ಉಸಿರಿನ ತೊಂದರೆ.