ಗುರುಬಸಮ್ಮನವರ ಎರಡನೆಯ ಸ್ಕ್ಯಾನ್

ಬಳ್ಳಾರಿ, ೧೪ ನವೆಂಬರ್ ೨೦೨೪, ಗುರುವಾರ

ದೇಶನೂರಿನ ಗುರುಬಸಮ್ಮನವರ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ಕೀಮೋ ಚಿಕಿತ್ಸೆಗೆ ಕರಗುವುದಿಲ್ಲವೆಂದು ನನ್ನ ವಿದ್ಯಾರ್ಥಿನಿ ಆಸ್ಫಿಯಾ ಬರೆದ ಪ್ರೋಗ್ರಾಂ ಸ್ಕ್ಯಾನ್ ನೋಡಿ ಹೇಳಿತು. ಅವಳು ಅದನ್ನು ನನಗಿಂತ ಮೊದಲು ರೋಗಿಗೇ ತಿಳಿಸಿಬಿಟ್ಟಳು. ಆದರೆ ಆ ಸ್ಕ್ಯಾನ್ ಸಿರುಗುಪ್ಪದ ಯಂತ್ರದ್ದು. ಪ್ರೋಗ್ರಾಂ ಕಲಿತಿರುವುದು ನಮ್ಮ ಆಸ್ಪತ್ರೆಯ ಯಂತ್ರದ ಚಿತ್ರಗಳಿಂದ ಮಾತ್ರ. ಆ ಉತ್ತರವನ್ನು ನಂಬುವಂತಿಲ್ಲ ಎಂದು ಅವಳಿಗೆ ಹೇಳಿದೆ.

ಹುಡುಗಿ ವಾರ್ಡಿಗೆ ಹೋಗಿ ಕಣ್ಣೀರಿಟ್ಟು ಕ್ಷಮೆ ಕೇಳಿದಳು.

"ಅಳಬ್ಯಾಡವ್ವಾ ಡಾಕ್ಟರಮ್ಮ, ಇನ್ನೊಮ್ಮಿ ತಗಿ. ನನ್ನ ಮದಿವ್ಯಾಗೂ ಇಷ್ಟು ಫೋಟೋ ತಗದಿಲ್ಲ," ಎಂದರು ಗುರುಬಸಮ್ಮ.

ಸಂಜೆ ನಮ್ಮಲ್ಲೇ ಸ್ಕ್ಯಾನ್ ಆಯಿತು. ಉತ್ತರ ಬೆಳಿಗ್ಗೆ ಬರುತ್ತದೆ. ಅದೇ ಉತ್ತರ ಬಂದರೆ ಈ ಬಾರಿ ಹೇಳಬೇಕಾದವನು ನಾನು. ನನ್ನ ಅತ್ಯಂತ ಜಾಣ ವಿದ್ಯಾರ್ಥಿನಿಯ ಲೆಕ್ಕ ತಪ್ಪಾಗಿರಲಿ ಎಂದು ಇಂದು ಮೊದಲ ಬಾರಿಗೆ ಬೇಡಿಕೊಳ್ಳುತ್ತಿದ್ದೇನೆ.