ಖಾನಾಪುರದವರು ಬರೆದದ್ದನ್ನು ಅಳಿಸಿದವರು ನೀವಲ್ಲ

ಮೆಹಬೂಬ್ ಚಾಚಾ,

ನೀವು ತೀರಿಕೊಂಡ ನಲವತ್ತನೆಯ ದಿನದ ಫಾತಿಹಾ ಮುಗಿದ ವಾರವೇ ಖಾಸಬಾಗದ ನಿಮ್ಮ ಮನೆಗೆ ನಾವಿಬ್ಬರೂ ದುಡಿದ ಆಸ್ಪತ್ರೆಯಿಂದ ಒಂದು ಲಕೋಟೆ ಬಂತು. ಚಾಚಿ ಅದನ್ನು ಹಿಡಿದುಕೊಂಡು ಎದುರು ಮನೆಯ ನನ್ನ ಹತ್ತಿರ ಬಂದರು. "ಗಿರಿಜಾ, ಓದವಾ. ಸಮಾಧಾನದ್ದು ಎರಡ ಮಾತ ಬರದಿರಬೇಕು" ಅಂದರು. ಒಡೆದು ನೋಡಿದರೆ, ನೀವು ಕಂಪ್ಯೂಟರಿನ ವ್ಯವಸ್ಥೆ ತಪ್ಪಾಗಿ ಮಾಡಿದ್ದರಿಂದ ಒಬ್ಬ ಗರ್ಭಿಣಿಯ ಜೀವಕ್ಕೆ ಅಪಾಯವಾಯಿತೆಂದು ಬರೆದಿತ್ತು. ಸತ್ತ ಮನುಷ್ಯನ ಮನೆಗೆ ಇಂಥ ಕಾಗದ ಕಳಿಸುತ್ತಾರೆಯೇ? ಅದನ್ನು ಚಾಚಿಗೆ ನಾನು ಯಾವ ಬಾಯಿಂದ ಓದಿ ಹೇಳಲಿ...

ನೀವು ಆ ವ್ಯವಸ್ಥೆ ಮಾಡಿದ ದಿನ ನಾನು ಪಕ್ಕದಲ್ಲೇ ಕುಳಿತಿದ್ದೆ. ಬೆಳಗಾವಿಯ ಆಸ್ಪತ್ರೆಯಲ್ಲಿ ಒಂದು ಕಂಪ್ಯೂಟರ್, ಖಾನಾಪುರದ ಶಾಖೆಯಲ್ಲಿ ಇನ್ನೊಂದು. ರೋಗಿಗಳ ಮಾಹಿತಿ ಎರಡರಲ್ಲೂ ಒಂದೇ ಆಗಿರಬೇಕು. ದಿನಾ ಬಸ್ಸಿನಲ್ಲಿ ಫ್ಲಾಪಿ ಹೋಗಿ ಬರಬೇಕು. ಅಲ್ಲಿ ಹೊಸದಾಗಿ ಬರೆದದ್ದು ಇಲ್ಲಿ ಸೇರಬೇಕು, ಇಲ್ಲಿಯದು ಅಲ್ಲಿ. ಯಾರೂ ಇನ್ನೊಬ್ಬರದನ್ನು ಅಳಿಸುವಂತಿಲ್ಲ. ಬರೆಯುವ ಹಕ್ಕು ಯಾರಿಗೆ ಎಂದು ನಾನು ಕೇಳಿದ್ದಕ್ಕೆ, "ಪೇಶಂಟ್ ಮೈ ಮುಟ್ಟಿ ನೋಡೂರು ಬರೀಲಿ. ಉಳದವರು ಓದಿದ್ರ ಸಾಕು" ಅಂದಿರಿ. ಒಬ್ಬೊಬ್ಬ ನರ್ಸಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಟ್ಟಿರಿ. ಸಿಸ್ಟರ್ ಸುಲೋಚನಾ ತನ್ನದನ್ನು ಮರೆತಾಗಲೆಲ್ಲ ಖಾನಾಪುರಕ್ಕೆ ಹೋಗಿ, ಬೈಯದೆ, ಹೊಸದು ಮಾಡಿಕೊಟ್ಟು ಬಂದವರು ನೀವೇ ಅಲ್ಲವೇ?

ನೀವು ಹೋದ ಮೇಲೆ ಮ್ಯಾನೇಜರ್ ನನ್ನನ್ನು ಕರೆದರು. "ಎಲ್ಲಾ ನಮ್ಮ ಕೈಯಾಗ ಇರಬೇಕು. ಖಾನಾಪುರದ್ದು ಇಲ್ಲಿ ಸೇರಸೂದು ಬ್ಯಾಡ. ನಮ್ಮ ಫ್ಲಾಪಿನ ದಿನಾ ಅಲ್ಲಿ ಪೂರಾ ಹಾಕಿಬಿಡ್ರಿ."

"ಸರ್, ಅವರು ಬರದದ್ದೆಲ್ಲಾ ಅಳಸಿ ಹೋಗ್ತೈತ್ರಿ."

"ಸತ್ತವರ ಪದ್ಧತಿ ಇನ್ನ ಎಷ್ಟ ದಿನಾ ನಡಸ್ತೀರಿ?"

ಹಾಗೇ ಅಂದರು ಚಾಚಾ! ನಾನು ಮಾಡುವುದಿಲ್ಲ ಅಂದೆ. ನನ್ನ ಪಾಸ್‌ವರ್ಡ್ ಕಿತ್ತುಕೊಂಡು, ಮಚ್ಛೆ ಊರಿನ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ವಿಲಾಸ ಎಂಬವನನ್ನು ಕರೆಸಿ ಮಾಡಿಸಿದರು. ಖಾನಾಪುರಕ್ಕೆ ಫೋನ್ ಮಾಡಿ ಎಚ್ಚರಿಸಿದೆ. ಅಲ್ಲಿಯ ಗುಮಾಸ್ತ, "ಮ್ಯಾಲಿನವರ ಹುಕುಂ ಬರ್ಲಿ, ಆಮ್ಯಾಲ ನೋಡೂಣು" ಎಂದು ಇಟ್ಟೇಬಿಟ್ಟ. ನರ್ಸ್‌ಗಳಿಗೆ ಯಾರೂ ಏನೂ ಹೇಳಲಿಲ್ಲ. ಪಾಪ, ಅವರು ದಿನಾ ಬರೆಯುತ್ತಲೇ ಇದ್ದರು. ಮರುದಿನದ ಬಸ್ಸು ಅದನ್ನೆಲ್ಲ ಅಳಿಸುತ್ತಲೇ ಇತ್ತು.

ಲಕ್ಷ್ಮಿ ಎಂಬ ಚೊಚ್ಚಲ ಗರ್ಭಿಣಿ ಜ್ವರವೆಂದು ಅಲ್ಲಿಗೆ ಬಂದಿದ್ದಳು. ಪೆನಿಸಿಲಿನ್ ಕೊಟ್ಟೊಡನೆ ಮುಖ ಊದಿ, ಉಸಿರು ಕಟ್ಟಿತ್ತು. ಹೇಗೋ ಉಳಿಸಿಕೊಂಡು, ಇನ್ನೆಂದೂ ಕೊಡಬಾರದೆಂದು ಸುಲೋಚನಾ ಕಂಪ್ಯೂಟರಿನಲ್ಲಿ ಬರೆದಳು. ಮರುದಿನ ಆ ಸಾಲೇ ಇಲ್ಲ. ಮತ್ತೆ ಹೆರಿಗೆ ನೋವೆಂದು ಬಂದಾಗ ಬೇರೆ ನರ್ಸ್ ಇದ್ದಳು. ಕಂಪ್ಯೂಟರ್ ನೋಡಿದಳು, ಏನೂ ಇರಲಿಲ್ಲ, ಅದೇ ಸೂಜಿ ತುಂಬಿಕೊಂಡು ಬಂದಳು. ಲಕ್ಷ್ಮಿಯ ತಾಯಿ, "ನಕೋ ಬಾಯಿ, ಸುಯಿ ನಕೋ!" ಎಂದು ಮರಾಠಿಯಲ್ಲಿ ಚೀರಿ, ಸೂಜಿ ಬೇಡವೆಂದು ನರ್ಸಿನ ಕೈ ಹಿಡಿದುಕೊಂಡಳಂತೆ. ಆ ತಾಯಿ ಒಂದು ಗಳಿಗೆ ಹೊರಗೆ ಹೋಗಿದ್ದರೆ? ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ನಡೆದ ಸಭೆಯಲ್ಲಿ ಮ್ಯಾನೇಜರ್ ಎದ್ದು ನಿಂತು, "ಮೆಹಬೂಬ ಮಾಡಿಟ್ಟ ಹೋದದ್ದ ತಪ್ಪೈತಿ" ಅಂದರು. ನಾನೂ ಅದಕ್ಕೆ ಸಹಿ ಹಾಕಬೇಕಂತೆ! "ಅವರು ಎದ್ದು ಬಂದು ಇಲ್ಲ ಅನ್ನೂದಿಲ್ಲಂತ ಧೈರ್ಯ ಏನ್ರಿ ನಿಮಗ?" ಎಂದು ಎಲ್ಲರ ಮುಂದೆ ಕೇಳಿದೆ. ಸಹಿಯನ್ನೂ ಹಾಕಲಿಲ್ಲ. ಆದರೂ ನಿಮ್ಮ ಮನೆಗೆ ಆ ಲಕೋಟೆ ಬಂತು.

ಕೊನೆಗೆ ಅದನ್ನು ಚಾಚಿಗೆ ಓದಿ ಹೇಳಲೇಬೇಕಾಯಿತು. ಅವರು ಅಳಲಿಲ್ಲ. "ಯಾರ ಮಾಡಿದ್ದದು? ಅಂವನ ಕಡೆ ಕರಕೊಂಡ ನಡಿ" ಅಂದರು. ಇಬ್ಬರೂ ಮಚ್ಛೆಗೆ ಹೋದೆವು. ವಿಲಾಸ ಚಾಚಿಯ ಮುಖವನ್ನೂ ಕಾಗದವನ್ನೂ ನೋಡಿದ. "ನಾನ ಮಾಡೇನ್ರೀ ಅಮ್ಮಾ. ಸಾಹೇಬ್ರು ಮಾಡಸಿದ್ರು. ಹಿಂಗಾಗ್ತೈತಂತ ಗೊತ್ತಿದ್ರ..." ಎಂದವನು ಮಾತು ಮುಗಿಸದೆ, ನಮ್ಮ ಜೊತೆಗೇ ಹೊರಟು ಬಂದು ಆಸ್ಪತ್ರೆಯ ಅಧ್ಯಕ್ಷರ ಮುಂದೆ ಎಲ್ಲವನ್ನೂ ಹೇಳಿದ.

ಅಧ್ಯಕ್ಷರು ಮರುದಿನ ನಿಮ್ಮ ಮನೆಗೆ ಬಂದು ಕೈ ಮುಗಿದರು. ಚಾಚಿ ಚಹಾ ಕೊಟ್ಟರು. "ಇಲ್ಲಿ ಯಾಕ ಹೇಳ್ತೀರ್ರಿ? ಎಲ್ಲಿ ಕೆಟ್ಟ ಅಂದ್ರಿ, ಅಲ್ಲೇ ಚಲೋ ಅನ್ರಿ" ಅಂದರು.

ತಪ್ಪು ನಿಮ್ಮದಲ್ಲವೆಂದು ನಿನ್ನೆ ಅಧ್ಯಕ್ಷರು ಅಂದರು ಚಾಚಾ. ಅದೇ ಸಭಾಂಗಣದಲ್ಲಿ, ಎಲ್ಲ ಡಾಕ್ಟರು, ನರ್ಸುಗಳ ಮುಂದೆ. ಚಾಚಿ ಮೊದಲ ಸಾಲಿನಲ್ಲಿ ಕುಳಿತು ಕೇಳಿದರು. ಖಾನಾಪುರಕ್ಕೆ ಬರೆಯುವ ಹಕ್ಕು ಮರಳಿ ಬಂದಿದೆ. ಲಕ್ಷ್ಮಿಗೆ ಹೆಣ್ಣು ಮಗು, ಇಬ್ಬರೂ ಆರಾಮಾಗಿದ್ದಾರೆ.

ಮ್ಯಾನೇಜರ್ ಮಾತ್ರ ಮೈ ಹುಷಾರಿಲ್ಲವೆಂದು ಸದಾಶಿವನಗರದ ಮನೆಯಲ್ಲೇ ಉಳಿದಿದ್ದರು. ಇವತ್ತು ಬಂದು ಅದೇ ಕುರ್ಚಿಯಲ್ಲಿ ಕುಳಿತಿದ್ದಾರೆ. ಮೆಟ್ಟಿಲ ಮೇಲೆ ಎದುರಾಗಿ, ನಾನು ನಮಸ್ಕಾರ ಮಾಡಲೆಂದು ನಿಂತರು. ನಾನು ದಾಟಿ ಹೋದೆ. ಅವರು ಚಾಚಿಯ ಬಾಗಿಲಿಗೆ ಬಂದು ತಲೆ ತಗ್ಗಿಸುವವರೆಗೆ ದಿನಾ ಹಾಗೇ ದಾಟಿ ಹೋಗುತ್ತೇನೆ.

ನಿಮ್ಮ,
ಗಿರಿಜಾ